ಹತ್ತು ಐವತ್ತೆರಡರಿಂದ ಹನ್ನೊಂದು ಆರರವರೆಗೆ

ತಮ್ಮನಿಗೆ ದೊಡ್ಡಕ್ಕ ಬರೆಯುವುದು,

ನನ್ನ ಕೈಲಿ ಕಾಗದ ಬರೆಸುತ್ತಿದ್ದೀಯಲ್ಲ, ನಿನಗೆ ಬೇರೆ ಕೆಲಸವಿಲ್ಲವೇ? ಐದನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ಒತ್ತಕ್ಷರ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಈಗಲೂ ಗೊತ್ತಿಲ್ಲ. ನೀನಿರುವುದು ಎರಡು ಬೀದಿ ಆಚೆ. ಬಂದು ಬಾಗಿಲು ತಟ್ಟಿದ್ದರೆ ಬಾಯಲ್ಲೇ ಹೇಳುತ್ತಿದ್ದೆ. ಅದು ಬಿಟ್ಟು ಸಂಸ್ಥೆಯ ಮೊಹರು ಒತ್ತಿದ ಕಾಗದ ಕಳಿಸಿದ್ದೀಯ. 'ಮಾನ್ಯರೇ' ಎಂದು ಶುರುವಾಗುತ್ತದೆ. ನಿನ್ನ ಮೂಗು ಒರೆಸಿ ಬೆಳೆಸಿದವಳಿಗೆ ಮಾನ್ಯರೇ! ಹತ್ತು ಸಾಲು ಮೀರದಂತೆ ವಿವರಣೆ ಕೊಡತಕ್ಕದ್ದಂತೆ. ಹತ್ತು ಸಾಲಿಗೆ ಇದು ಮುಗಿಯುವುದಿಲ್ಲ. ಮೀರುತ್ತೇನೆ, ಓದು.

ನಿನ್ನ ಕಾಗದದಲ್ಲಿ ಎರಡು ಮಾತಿದೆ. ನಿನ್ನ ಚಿಕ್ಕಕ್ಕ, ನಮ್ಮ ಬುಗುರಿ, ಹೋದ ದಿನ ಹತ್ತು ಐವತ್ತೆರಡರಿಂದ ಹನ್ನೊಂದು ಆರರವರೆಗೆ ನನ್ನ ಹಾಳೆಯಲ್ಲಿರುವ, ಗಾಡಿಗೊಂದರಂತೆ ಹಾಕಿದ ನಾನೂರ ಹನ್ನೆರಡು ಗೀಟು ನಂಬುವಂಥದ್ದಲ್ಲ, ಆಮೇಲೆ ಕೂತು ತುಂಬಿಸಿದ್ದಿರಬಹುದು ಎಂಬುದು ಮೊದಲನೆಯದು. ರಸ್ತೆಯ ಆಚೆ ಬದಿ ಎಣಿಸುತ್ತಿದ್ದವಳು ತಾನಾಗಿ ಜಾಗ ಬಿಟ್ಟು ಬಂದಳು ಎಂಬುದು ಎರಡನೆಯದು. ಎರಡು ಬದಿಯ ಹಾಳೆಗಳು ಜೋಡಿಯಂತೆ, ಒಂದನ್ನು ತೆಗೆದರೆ ಇನ್ನೊಂದನ್ನೂ ತೆಗೆಯಬೇಕಂತೆ. ಹಾಗಾದರೆ ನನ್ನದರ ಜೊತೆ ಅವಳು ಬರೆದ ಕೊನೆಯ ಹಾಳೆಯೂ ಕಸದ ಬುಟ್ಟಿಗೆ ಹೋಯಿತು. ಅದು ಆಗಕೂಡದು. ಅದಕ್ಕೇ ಈ ಕಾಗದ.

ನಾವಿಬ್ಬರೂ ಕೇಳಿಕೊಂಡು ಬಂದವರಲ್ಲ. ಹೆದ್ದಾರಿಗೆ ಬುದ್ಧಿ ಬರಿಸುವ ಸಂಶೋಧನೆ ಎಂದು ನೀನೇ ಮನೆಗೆ ಬಂದು ಹೇಳಿದ್ದು. ಕಂಬದ ಮೇಲಿನ ಕ್ಯಾಮೆರಾ ಗಾಡಿಗಳನ್ನು ಎಣಿಸುತ್ತದೆ, ಆ ಲೆಕ್ಕ ನೋಡಿ ಯಂತ್ರವೇ ಯಾವ ಸಿಗ್ನಲ್ಲು ಎಷ್ಟು ಹೊತ್ತು ಹಸಿರಿರಬೇಕು, ಯಾವ ಫಲಕದಲ್ಲಿ ಯಾವ ವೇಗ ತೋರಿಸಬೇಕು ಎಂದು ತೀರ್ಮಾನಿಸುತ್ತದೆ ಎಂದು ವಿವರಿಸಿದ್ದೆ ನೀನು. ನಿನ್ನ ಚಿಕ್ಕಕ್ಕ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, "ರಸ್ತೆಗೆ ಆಮೇಲೆ ಬರ್ಸೋಣ ಕಣೋ, ಮೊದ್ಲು ಓಡ್ಸೋರಿಗೆ ಬರ್ಸು" ಎಂದಳು. ಕ್ಯಾಮೆರಾ ಎಣಿಸಿದ್ದು ಸರಿಯೋ ತಪ್ಪೋ ನೋಡಲು ಮನುಷ್ಯರು ಎಣಿಸಿದ್ದೂ ಬೇಕಿತ್ತು. ಕೆಲಸಕ್ಕೆ ಇಟ್ಟುಕೊಂಡವರು ಟೀ ಅಂಗಡಿಯಲ್ಲಿ ಕೂತು ಬಾಯಿಗೆ ಬಂದ ಸಂಖ್ಯೆ ಬರೆದರೆಂದು ನೀನು ತಲೆ ಚಚ್ಚಿಕೊಂಡಿದ್ದೆ. "ನೀವಿಬ್ರೂ ಸುಳ್ಳು ಬರೆಯಲ್ಲ, ಅದಕ್ಕೇ ಬಂದೆ" ಎಂದೆ. ನಿನ್ನ ಬಾಯಿಂದಲೇ ಬಂದ ಮಾತು ಅದು. ಈಗ ನಾನು ತುಂಬಿಸಿದೆನಂತೆ.

ಎಣಿಸಲು ಕೂರಿಸುವ ಮೊದಲು ನೀನು ನಮ್ಮನ್ನು ಸಂಸ್ಥೆಯ ಪಡಸಾಲೆಯಲ್ಲಿ ನಡೆಸಿ ನೋಡಿದೆ. ನೆಲಕ್ಕೆ ಸುಣ್ಣದ ಗೆರೆ ಹಾಕಿ, ಮೂರು ಲೇನು ಇಷ್ಟಗಲ ಎಂದು ತೋರಿಸಿ, ಗಡಿಯಾರ ಒತ್ತಿದೆ. ನನಗೆ ಹದಿನೈದು ಸೆಕೆಂಡು, ಅವಳಿಗೆ ಒಂಬತ್ತು. "ದೊಡ್ಡಕ್ಕ ದಾಟೋಷ್ಟ್ರಲ್ಲಿ ಗಾಡಿಗಳಿಗೇ ವಯಸ್ಸಾಗುತ್ತೆ" ಎಂದು ಅವಳು ನಕ್ಕಳು. ನಿನ್ನ ಜೊತೆಗಾರರೂ ನಕ್ಕರು. ಮೈ ಉರಿಯಿತು ನನಗೆ.

ಹನ್ನೊಂದು ದಿನ ಎಣಿಸಿದೆವು. ಜಗಳವಾಡದ ದಿನವಿಲ್ಲ. ಆ ಬದಿ ಅವಳು, ಈ ಬದಿ ನಾನು, ನಡುವೆ ಆರು ಲೇನು. ಕಿವಿಗೆ ಫೋನು ಸಿಕ್ಕಿಸಿಕೊಂಡು ಕೈಯಲ್ಲಿ ಗೀಟು ಹಾಕುತ್ತ ಬಾಯಲ್ಲಿ ಕಿತ್ತಾಡುತ್ತಿದ್ದೆವು. ಕೊನೆಯ ದಿನದ ಜಗಳ ಒಂದು ಕ್ರೇನಿನ ಮೇಲೆ. ಕೆಟ್ಟುನಿಂತ ಕಾರೊಂದನ್ನು ಅದು ಎಳೆದುಕೊಂಡು ಅವಳ ಬದಿಯಲ್ಲಿ ಹೋಯಿತು. ಅವಳು ಎರಡು ಗೀಟು ಹಾಕಿದಳಂತೆ. ಒಂದೇ ಹಾಕಬೇಕು, ಎಳೆಸಿಕೊಂಡು ಹೋಗುವುದಕ್ಕೆ ಲೆಕ್ಕವಿಲ್ಲ ಎಂದು ನಾನು. "ಕೈ ಹಿಡಿದು ನಡೆಸ್ಕೊಂಡು ಹೋದ್ರೆ ನೀನು ಮನುಷ್ಯಳಲ್ವಾ ಅಕ್ಕಾ?" ಎಂದು ನನ್ನ ಮಂಡಿನೋವನ್ನು ಎತ್ತಿ ಆಡಿದಳು. ನೀನು ಕೊಟ್ಟ ನಿಯಮದ ಹಾಳೆ ನನ್ನ ಹತ್ತಿರವಿತ್ತು. ಬಂದು ನೋಡು ಎಂದೆ. ದೂರದ ಕಾಲುಸೇತುವೆ ಹತ್ತಿ ಇಳಿದು ಬರಲು ಅರ್ಧ ಗಂಟೆ ಬೇಕು ಎಂದಳು. ಜಾಗ ಬಿಟ್ಟರೆ ತಮ್ಮ ಬೈತಾನೆ ಎಂದೂ ಹೇಳಿದಳು.

"ತಮ್ಮನಿಗೆ ನಾನು ಹೇಳ್ತೀನಿ. ಒಂಬತ್ತು ಸೆಕೆಂಡಿನವಳಲ್ವಾ ನೀನು, ಬಾ."

ನನ್ನ ಮಾತು ಇದು. ಕ್ಯಾಮೆರಾಕ್ಕೆ ಕಿವಿಯಿಲ್ಲ, ಹಾಗಾಗಿ ಅವಳು ತಾನಾಗಿ ಬಂದಂತೆ ಕಾಣುತ್ತದೆ. ತಮ್ಮನಿಗೆ ಹೇಳುತ್ತೇನೆ ಎಂದಿದ್ದೆ, ಏಳು ವಾರದ ಮೇಲೆ ಈಗ ಹೇಳುತ್ತಿದ್ದೇನೆ.

ತನ್ನ ಬದಿಯ ಎರಡು ಲೇನು ದಾಟಿದ್ದಳು. ಮೂರನೆಯದರಲ್ಲಿ ಒಂದು ವ್ಯಾನು ಹೊಡೆಯಿತು. ಓಡಿಸುತ್ತಿದ್ದವನು ಪರಾರಿಯಾಗಲಿಲ್ಲ, ಗಾಡಿ ಅಡ್ಡ ನಿಲ್ಲಿಸಿ ತಲೆಯ ಮೇಲೆ ಕೈಹೊತ್ತು ರಸ್ತೆಯಲ್ಲೇ ಕೂತ. ಆ ಬದಿಯವರೆಲ್ಲ ನಿಂತರು. ನನ್ನ ಬದಿಯವರು ನಿಲ್ಲಲಿಲ್ಲ. ಎರಡು ಸಲ ಎದ್ದು ಹೋಗಿ ಕೈ ಅಡ್ಡ ಹಿಡಿದೆ. ಹಾರನ್ ಹೊಡೆದುಕೊಂಡು ಹೋದರು. ನನಗೆ ಹದಿನೈದು ಸೆಕೆಂಡು ಖಾಲಿ ರಸ್ತೆ ಬೇಕು. ಸಿಕ್ಕಿದ್ದರಲ್ಲಿ ಉದ್ದದ್ದು ಆರು.

ಇಷ್ಟಕ್ಕೇ ನಿಲ್ಲಿಸಿದರೆ ನಿನಗೂ ಹಿತ, ನನಗೂ ಹಿತ. ಆದರೆ ಮೂರನೇ ಸಲ ನಾನು ಏಳಲಿಲ್ಲ. ಸ್ಟೂಲಿನ ಮೇಲೆ ಕೂತೆ. ಕ್ಯಾಮೆರಾ ಹಿಡಿದ ಆ ಚಿತ್ರ ನೀನು ಎಷ್ಟು ಸಲ ನೋಡಿದ್ದೀಯೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಅಳು ಬರಲಿಲ್ಲ, ಗೀಟು ಬಂತು. ಕಾರು, ಕಾರು, ಲಾರಿ, ಬೈಕು, ಬಸ್ಸು. ಮೂವತ್ತೊಂದು ವರ್ಷ ಗಾರ್ಮೆಂಟ್ಸಿನ ಪ್ಯಾಕಿಂಗ್ ಟೇಬಲ್ಲಿನ ಮುಂದೆ ನಿಂತವಳು ನಾನು. ಪಕ್ಕದವಳು ತಲೆಸುತ್ತಿ ಬಿದ್ದರೂ ಕೈಯಲ್ಲಿರುವ ಡಜನ್ನು ಮುಗಿಸಿ ಆಮೇಲೆ ನೋಡು ಎಂದು ಸೂಪರ್‌ವೈಸರಮ್ಮ ಮೊದಲ ದಿನವೇ ಕಲಿಸಿದ್ದಳು. ಹೆದ್ದಾರಿಯಲ್ಲಿ ಡಜನ್ನು ಮುಗಿಯುವುದೇ ಇಲ್ಲ. ಇದು ನೆಪ ಎಂದರೆ ನೆಪ. ನನಗೆ ಗೊತ್ತಿರುವುದು ಇಷ್ಟೇ.

ತುಂಬಿಸಿದ ಹಾಳೆ ಎನ್ನುತ್ತೀಯಲ್ಲ, ತೆಗೆದು ನೋಡು. ಐದು ಗೀಟಿಗೆ ಒಂದು ಕಟ್ಟು. ಹತ್ತೊಂಬತ್ತನೇ ಕಟ್ಟಿನ ಅಡ್ಡಗೀಟು ಪಕ್ಕದ ಕಾಲಮ್ಮಿನೊಳಕ್ಕೆ ಹೋಗಿದೆ. ಆಗ ಅವಳ ಎಡಗೈ ಅಲುಗಿತು. ಇಪ್ಪತ್ತೇಳನೆಯದರಲ್ಲೂ ಹಾಗೇ. ಅಲ್ಲಿಂದ ಮುಂದಿನವೆಲ್ಲ ನೆಟ್ಟಗಿವೆ. ಹೊಡೆದ ಕ್ಷಣದಲ್ಲೇ ಜೀವ ಹೋಗಿತ್ತು ಎಂದು ಡಾಕ್ಟರು ನಿನಗೆ ಹೇಳಿದರು. ಡಾಕ್ಟರು ಅಲ್ಲಿರಲಿಲ್ಲ. ನಿನ್ನ ಕ್ಯಾಮೆರಾ ನಾನೂರ ಒಂಬತ್ತು ಎಂದಿದೆ ಎಂದು ಬರೆದಿದ್ದೀಯ. ಲಾರಿಗಳ ಮರೆಯಲ್ಲಿ ಹೋದ ಮೂರು ಬೈಕು ಅದಕ್ಕೆ ಕಾಣಲಿಲ್ಲ, ನನಗೆ ಕಂಡವು. ಅದನ್ನು ನೋಡಲಿಕ್ಕೇ ಅಲ್ಲವೇ ನಮ್ಮನ್ನು ಕೂರಿಸಿದ್ದು?

ಹನ್ನೊಂದು ಆರಕ್ಕೆ ಹೆದ್ದಾರಿ ಗಸ್ತಿನವನು ಬಂದು ಕೈಯೆತ್ತಿ ಮೂರೂ ಲೇನು ನಿಲ್ಲಿಸಿದ. ನನ್ನ ನಡಿಗೆಯಲ್ಲಿ ದಾಟಿದೆ. ಅವಳ ಬಗಲಲ್ಲಿದ್ದ ರಟ್ಟು, ಹಾಳೆ ಒಂದು ಕಡೆ ಬಿದ್ದಿತ್ತು, ಮೊದಲು ಅದನ್ನು ಎತ್ತಿಕೊಂಡೆ. "ಇವ್ರು ನಿಮಗೇನಾಗ್ಬೇಕಮ್ಮಾ?" ಎಂದು ಅವನು ಕೇಳಿದ. "ಆ ಬದಿ ಎಣಿಸೋಳು" ಎಂದೆ. ತಂಗಿ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಅವನು ಅದನ್ನೇ ಬರೆದುಕೊಂಡ.

ಇಲ್ಲಿ ಮನೆ ಹೇಗಿದೆ ಎಂದು ನೀನು ಕೇಳಿಲ್ಲ. ಹೇಗಿದೆಯೋ ಹಾಗಿದೆ. ಅವಳ ಅಂಗಡಿಯಲ್ಲಿ ಉಳಿದಿದ್ದ ಬಟ್ಟೆಗಳನ್ನೆಲ್ಲ ನಾನೇ ಇಸ್ತ್ರಿ ಮಾಡಿ ಅವರವರ ಮನೆಗೆ ಕೊಟ್ಟು ಬಂದೆ. ದರ್ಜಿಯ ಹೆಂಡತಿ ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಅವಳ ಭುಜದ ಮೇಲಿಂದ ಅವಳ ಮನೆಯ ಗೋಡೆ ನೋಡುತ್ತ ನಿಂತಿದ್ದೆ. ಒಂದು ಕಡೆ ಬಣ್ಣ ಎದ್ದಿದೆ. ಇನ್ನು ನಿನ್ನ ನೀಲಿ ಅಂಗಿಯೊಂದೇ ಉಳಿದಿರುವುದು. ಅವಳೇ ಮಡಿಸಿಟ್ಟದ್ದು, ನಾನು ಮುಟ್ಟಿಲ್ಲ.

ಈಗ ಅವಳ ಹಾಳೆಯ ವಿಷಯ. ನಿಮ್ಮ ಫಾರಮ್ಮಿನಲ್ಲಿ ಕಾರಿಗೆ ಕಾಲಂ ಇದೆ, ಲಾರಿಗೆ ಇದೆ, ಇತರೆ ಎಂಬುದಕ್ಕೂ ಇದೆ. ನಡೆದು ದಾಟುವವರಿಗೆ ಇಲ್ಲ. ಅವಳು ಅಂಚಿನಲ್ಲಿ ಸೊನ್ನೆ ಸುತ್ತುತ್ತಿದ್ದಳು, ಒಬ್ಬರಿಗೆ ಒಂದು. ಬಸುರಿ ದಾಟಿದರೆ ಸೊನ್ನೆಯೊಳಗೊಂದು ಚುಕ್ಕೆ. ನೀನು ಕಾಗದದ ಜೊತೆ ಕಳಿಸಿದ ನಕಲಿನಲ್ಲಿ ನಿಮ್ಮ ಕಚೇರಿಯವರು ಅದರ ಮೇಲೆ ಕೆಂಪು ಶಾಯಿಯಲ್ಲಿ 'ಗೀಚು' ಎಂದು ಬರೆದಿದ್ದಾರೆ. ಆ ಬೆಳಗ್ಗೆ ಎಂಟರಿಂದ ಹತ್ತು ಐವತ್ತೆರಡರೊಳಗೆ ಅರವತ್ತಮೂರು ಸೊನ್ನೆ, ಎರಡು ಚುಕ್ಕೆ. ಅಲ್ಲಿ ಯಾರೂ ದಾಟುವುದಿಲ್ಲ ಎಂದುಕೊಂಡಿರುವ ನಿನ್ನ ಬುದ್ಧಿವಂತ ಯಂತ್ರ ಒಂದು ಸೆಕೆಂಡೂ ಕೆಂಪು ದೀಪ ಕೊಡುವುದಿಲ್ಲ. ಈ ಹಾಳೆ ಹೋದರೆ ಅದು ಅಂದುಕೊಂಡದ್ದೇ ಸರಿ ಎಂದಾಗುತ್ತದೆ.

ನನ್ನ ಮೇಲೆ ಕೋಪವಿದ್ದರೆ ಇಟ್ಟುಕೋ, ಸಾಯುವವರೆಗೂ ಇಟ್ಟುಕೋ. ಅವಳ ಹಾಳೆಯ ಮೇಲೆ ತೀರಿಸಿಕೊಳ್ಳಬೇಡ. 'ತಾನಾಗಿ' ಎಂಬುದನ್ನು ಹೊಡೆದುಹಾಕಿ 'ಅಕ್ಕ ಕರೆದದ್ದಕ್ಕೆ' ಎಂದು ಬರೆ. ನಿನ್ನ ಸಂಶೋಧನೆಯಲ್ಲಿ ಅಕ್ಕ ಎಂಬ ಮಾತಿಗೆ ಜಾಗವಿಲ್ಲದಿದ್ದರೆ ಈ ಬದಿ ಎಣಿಸುವವಳು ಎಂದು ಬರೆ. ಎರಡು ಹಾಳೆಯೂ ಜೋಡಿಯಾಗಿಯೇ ಇರಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೆಲಸ ನಿನ್ನ ಕೈ ಹಿಡಿಯಲಿ, ನಿನ್ನ ಮನೆ ತಣ್ಣಗಿರಲಿ. ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ನಿನ್ನ
ದೊಡ್ಡಕ್ಕ

ಇಪ್ಪತ್ತಮೂರಕ್ಕೆ ನಿಮ್ಮ ಸಮಿತಿ ಕೂರುತ್ತದೆ ಎಂದು ನಿನ್ನ ಕಾಗದದಲ್ಲೇ ಇದೆ. ಇಪ್ಪತ್ತೊಂದನೇ ತಾರೀಕಿನೊಳಗೆ ನನಗೆ ಉತ್ತರ ಬರಬೇಕು. ಹಾಳೆ ಇರುತ್ತದೆ, ಇಲ್ಲವೇ ಇರುವುದಿಲ್ಲ. ಎರಡರಲ್ಲೊಂದು ಬರೆ.