ಹೊಸ್ತಿಲು ಮುಟ್ಟಿದ ಗೀಟು

ಪ್ರೀತಿಯ ಅಕ್ಕನಿಗೆ,

ಸೊಂಟದ ಆಪರೇಷನ್ ಆಗಿ ಇವತ್ತಿಗೆ ಏಳು ವಾರ. ನಾನು ಗಟ್ಟಿಯಾಗಿದ್ದೇನೆ. ಹೊಲಿಗೆ ಬಿಚ್ಚಿದ ಜಾಗವನ್ನು ಕನ್ನಡಿಯಲ್ಲಿ ನೋಡಿಕೊಂಡೆ. ನನ್ನ ಟೈಲರಿಂಗ್ ಅಂಗಡಿಯಲ್ಲಿ ಇಂಥ ಕೆಲಸ ಮಾಡಿದ್ದರೆ ಗಿರಾಕಿಗಳು ಬಟ್ಟೆಯನ್ನು ಮುಖಕ್ಕೆ ಎಸೆದು ಹೋಗುತ್ತಿದ್ದರು. ಪಾಪ, ಡಾಕ್ಟರಿಗೆ ಏನೂ ಹೇಳಲಿಲ್ಲ.

ಈಗ ದೊಡ್ಡ ಮಗಳೇ ನನ್ನ ಮೇಸ್ತ್ರಿ. ವಾಕರ್ ಹಿಡಿದು ನಾನು ಎಲ್ಲಿಯವರೆಗೆ ನಡೆದೆನೋ ಅಲ್ಲಿ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ನೆಲದ ಮೇಲೆ ಗೀಟು ಎಳೆಯುತ್ತಾಳೆ. ಅದೂ ನನ್ನ ಪಾದಕ್ಕಿಂತ ಎರಡು ಬೆರಳು ಹಿಂದೆ. "ಯಾಕೇ ಕಮ್ಮಿ ಮಾಡ್ದೆ?" ಅಂದರೆ, "ಹೊಲಿಗೆಗೆ ಬಿಡ್ಬೇಕಲ್ವಾ ಅಮ್ಮ" ಅನ್ನುತ್ತಾಳೆ. ಐದು ವರ್ಷದವಳ ಹತ್ತಿರ ವಾದ ಮಾಡಿ ಗೆಲ್ಲುವುದುಂಟೇ? ನಿನ್ನೆ ಅವಳ ಗೀಟು ಹೊಸ್ತಿಲು ಮುಟ್ಟಿತು.

ನಿನ್ನ ಮನೆಯಲ್ಲಿರುವ ನನ್ನ ಚಿಕ್ಕವನು ನಿನ್ನನ್ನೇ ಅಮ್ಮ ಅನ್ನುತ್ತಾನೆಂದು ಭಾವ ಫೋನಿನಲ್ಲಿ ಬಾಯಿತಪ್ಪಿ ಹೇಳಿಬಿಟ್ಟರು. ಅವರನ್ನು ಬೈಯಬೇಡ. ಒಂದೂವರೆ ವರ್ಷದ ಮಗು, ಏಳು ವಾರ ಉಣಿಸಿ ಮಲಗಿಸಿದವಳನ್ನು ಇನ್ನೇನೆಂದು ಕರೆದೀತು.

ಭಾನುವಾರ ಅವನನ್ನು ಕರೆದುಕೊಂಡು ಬಾ. ದಾರಿಯಲ್ಲಿ ಒಂದು ಡಬ್ಬಿ ಚಾಕ್ ತೆಗೆದುಕೋ, ಇಲ್ಲಿ ಎಲ್ಲ ನೆಲದ ಪಾಲಾಗಿದೆ. ನಾನಿನ್ನೂ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಹಾಗಂತ ಅವನನ್ನು ತಂದು ನನ್ನ ಮಡಿಲಿಗೆ ಹಾಕಬೇಡ. ಗೇಟಿನ ಹತ್ತಿರ ಇಳಿಸಿ ಕೈ ಬಿಡು. "ಅಗೋ ನೋಡು, ಅಮ್ಮ" ಎಂದು ಹೇಳಿಕೊಡಲೂ ಬೇಡ.

ಹೊಸ್ತಿಲಿಂದ ಗೇಟಿಗೆ ಹನ್ನೊಂದು ಹೆಜ್ಜೆ. ನಾನೇ ನಡೆದು ಬರುತ್ತೇನೆ.

ಇಂತಿ,
ನಿನ್ನ ತಂಗಿ