ಬೆನ್ನ ಹಿಂದಿನ ಕೈ

ಅಪ್ಪಾ,

ಪ್ರಶ್ನೆ ಕೇಳಿದ ಮೇಲೆ ಮೇಷ್ಟರು ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಎಂಬುದೇ ನನ್ನ ಪಿಎಚ್‌ಡಿ. ಹೆಚ್ಚಿನವರು ಒಂದು ಸೆಕೆಂಡೂ ತಡೆಯದೆ ತಾವೇ ಹೇಳಿಬಿಡುತ್ತಾರೆ. ಇವತ್ತು ಗಣಿತದ ಟೀಚರೊಬ್ಬರು ಒಂಬತ್ತು ಸೆಕೆಂಡು ಸುಮ್ಮನೆ ನಿಂತರು. ನಾನು ಸ್ಟಾಪ್‌ವಾಚ್ ಹಿಡಿದು ಬೋರ್ಡಿನ ಪಕ್ಕ ಕುಳಿತಿದ್ದರಿಂದ ಕಂಡಿತು: ಬೆನ್ನ ಹಿಂದೆ ಅವರ ಹೆಬ್ಬೆರಳು ಬೆರಳಗೆಣ್ಣುಗಳನ್ನು ಎಣಿಸುತ್ತಿತ್ತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಎದ್ದು ಸರಿಯಾಗಿ ಉತ್ತರಿಸಿದಳು.

"ಎಣಿಸದಿದ್ರೆ ನನ್ನ ಬಾಯಿ ನಿಲ್ಲಲ್ಲ," ಎಂದು ಟೀಚರ್ ಆಮೇಲೆ ನಕ್ಕರು.

ನೀವೂ ಹಾಗೇ ಒಂದು ಕೈ ಹಿಂದಿಟ್ಟು ನಿಲ್ಲುತ್ತಿದ್ದಿರಿ. ನಿಮ್ಮದೇ ತರಗತಿಯಲ್ಲಿದ್ದ ನಾನು, ಅಲ್ಲಿ ಬೆತ್ತವಿದೆ ಎಂದುಕೊಂಡಿದ್ದೆ. ಏನಿತ್ತೆಂದು ಈಗ ಯಾರನ್ನು ಕೇಳಲಿ?

"ಅದೇನೋ ಪಿಎಚ್‌ಡಿ ಅಂತೀಯಲ್ಲ, ಯಾವುದರ ಮೇಲೆ?" ಎಂದು ಒಮ್ಮೆ ಕೇಳಿದಿರಿ. "ನಿಮಗೆ ಅರ್ಥ ಆಗಲ್ಲ ಬಿಡಿ" ಎಂದೆ. ನನಗೆ ಒಂದು ಸೆಕೆಂಡೂ ಬೇಕಾಗಲಿಲ್ಲ.