ಲೇಡಿ ಜೂನ್ ದೋಣಿಯ ಪ್ರೊಪೆಲರ್

ಮಾರ್ಚ್ 4, ಮಂಗಳವಾರ

ಸೀಗಡಿ ಬೋಟಿನ ಪ್ರೊಪೆಲರ್ ಮುಗಿಯಿತು. ಬೆಳಗ್ಗೆಯೆಲ್ಲ ಉಜ್ಜುವುದೇ ಆಯಿತು. ಆಮೇಲೆ ಹಳದಿ ಪ್ರೈಮರ್, ಅದರ ಮೇಲೆ ಪಾಚಿ ಚಿಪ್ಪು ಕಚ್ಚದಂತೆ ಪಾರದರ್ಶಕ ನುಣುಪು ಲೇಪ. ಮಂಡಿ ಹಿಡಿದುಕೊಂಡಿದೆ. ಶೆಡ್ಡಿನ ಸಿಮೆಂಟ್ ನೆಲ ಈ ವಯಸ್ಸಿಗೆ ಆಗಿಬರುವುದಿಲ್ಲ. ಆದರೆ ಮನೆಯಲ್ಲಿ ಕೂತರೆ ಇನ್ನೂ ಬೇಗ ತುಕ್ಕು ಹಿಡಿಯುತ್ತೇನೆ.

ಬೋಟ್ ರಿಪೇರಿ ಯಾರ್ಡಿನ ಯಜಮಾನ ಟ್ರಾಯ್ ಬಂದಿದ್ದ. ಕಾಫ್ಸ್ ಹಾರ್ಬರಿನಿಂದ ಒಬ್ಬ ಬರುತ್ತಾನಂತೆ, ಪ್ರವಾಸಿಗಳಿಗೆ ತಿಮಿಂಗಿಲ ತೋರಿಸುವ ಬೋಟುಗಳ ಮಾಲೀಕ. ಅಷ್ಟೂ ಬೋಟುಗಳ ಕೆಲಸ ಇಲ್ಲಿಗೇ ಬರಬಹುದು. ನನ್ನ ಲೇಪ ವರ್ಷಕಾಲ ನೀರಲ್ಲಿದ್ದ ಮೇಲೆ ಹೇಗಿರುತ್ತದೆ ಎಂದು ಅವನು ಕಣ್ಣಾರೆ ನೋಡಬೇಕು. ಅವನು ಒಪ್ಪದಿದ್ದರೆ ಟ್ರಾಯ್ ಬ್ರಿಸ್ಬೇನಿನ ಲೇಪದ ಕಂಪನಿಯವರನ್ನು ಕರೆಸುತ್ತಾನಂತೆ. ಆಮೇಲೆ ಪ್ರೊಪೆಲರ್ ಕೆಲಸ ಪೂರ್ತಿ ಅವರಿಗೇ. ನೆಲ ನೋಡಿಕೊಂಡು ಹೇಳಿದ. ಅಂದರೆ ಶೆಡ್ ಖಾಲಿ ಮಾಡು ಎಂದು.

ತೋರಿಸಲು ನಮ್ಮ ಲೇಡಿ ಜೂನ್ ಇದೆಯಲ್ಲ. ಕಳೆದ ಏಪ್ರಿಲ್‌ನಲ್ಲಿ ನಾನೇ ಬಳಿದದ್ದು. ನನ್ನ ಗಂಡ ಕೆಲ್ ಅದರಲ್ಲಿ ಗುರುವಾರ ತಪ್ಪದೆ, ಹೊಳೆ ಸಮುದ್ರ ಸೇರುವ ಅಳಿವೆ ದಾಟಿ, ಹೊರಗಿನ ಬಂಡೆಸಾಲಿಗೆ ಹೋಗಿ ಮೀನು ತರುತ್ತಾನೆ. ಅಷ್ಟು ಓಡಿದ ಬೋಟು ನಮ್ಮೂರು ಯಾಂಬಾದಲ್ಲಿ ಬೇರೆ ಯಾವುದಿದೆ?

ಊಟಕ್ಕೆ ಕೂತಾಗ ಹೇಳಿದೆ. ಈ ವರ್ಷ ಬೋಟನ್ನು ನೀರಿನಿಂದ ಎತ್ತಿಸುವುದು ಬೇಡ, ಇನ್ನೊಂದು ವರ್ಷ ತಡೆಯುತ್ತದೆ ಎಂದ ಕೆಲ್. ವಿಚಿತ್ರ. ಪ್ರತಿ ವರ್ಷ ಯಾವಾಗ ಎತ್ತಿಸುತ್ತೀ ಎಂದು ಪೀಡಿಸುವವನೇ ಅವನು.

ಮಾರ್ಚ್ 11, ಮಂಗಳವಾರ

ಬರೆಯಲೂ ನಾಚಿಕೆ.

ಕೆಲ್ ಬೇಡವೆಂದರೂ ನಾನು ಕೇಳಲಿಲ್ಲ; ಕ್ರೇನಿನ ಪಟ್ಟಿ ಬಿಗಿದು ಲೇಡಿ ಜೂನ್ ಬೋಟನ್ನು ಮೇಲೆತ್ತಿದರು. ಎಲ್ಲರೂ ನಿಂತಿದ್ದರು — ಟ್ರಾಯ್, ಕಾಫ್ಸ್‌ನವನು, ವೆಲ್ಡಿಂಗಿನವರು, ಸುಮ್ಮನೆ ನೋಡಲು ಬಂದ ಸೀಗಡಿ ಬೋಟಿನವರು. ನೀರು ಸೋರಿತು. ಪ್ರೊಪೆಲರ್ ಕಾಣಲೇ ಇಲ್ಲ. ಪಾಚಿಯ ಹಸಿರು ಗಡ್ಡ, ಅದರೊಳಗೆ ಚಿಪ್ಪೋ ಚಿಪ್ಪು, ಒಂದೊಂದೂ ಹೆಬ್ಬೆರಳುಗುರಿನಷ್ಟು.

ಆಮೇಲೆ ಟ್ರಾಯ್, "ಇದೇನ್ ಗ್ಲೆನಿಸ್, ಲೇಪ ಹಚ್ಚಿದ್ರೋ ಗೊಬ್ಬರ ಹಾಕಿದ್ರೋ?"

ಕಾಫ್ಸ್‌ನವನು ಒಳ್ಳೆಯವನು, ನಗಲಿಲ್ಲ. ಫೋಟೋ ತೆಗೆದುಕೊಂಡ. ಅದು ನಗುವುದಕ್ಕಿಂತ ಕೆಟ್ಟದ್ದು.

ಕೆಲ್ ಮಾತ್ರ ಇರಲಿಲ್ಲ. ಪಟ್ಟಿ ಬಿಗಿಯುವ ಹೊತ್ತಿಗೆ ಸರಿಯಾಗಿ ಐಸ್ ತರುತ್ತೇನೆಂದು ಹೋದವನು ಮಧ್ಯಾಹ್ನ ಕಳೆದರೂ ಬರಲಿಲ್ಲ. ಐಸ್ ಕೂಡ ಬರಲಿಲ್ಲ.

ಏನಾಯಿತು? ಡಬ್ಬಿ ಹಳೆಯದೆ? ಪ್ರೈಮರ್‌ನಲ್ಲಿ ಏನಾದರೂ ಬೆರೆಸಿ ಮಾರುತ್ತಿದ್ದಾರೆಯೆ? ಬಳಿದ ದಿನ ಗಾಳಿಯಲ್ಲಿ ತೇವವಿತ್ತೆ? ಇಲ್ಲ, ಚೆನ್ನಾಗಿ ನೆನಪಿದೆ, ಒಣ ದಿನ. ಶೆಡ್ಡಿನ ಬೀಗದ ಕೈ ಟ್ರಾಯ್ ಹತ್ತಿರವೂ ಇದೆ. ಬ್ರಿಸ್ಬೇನಿನವರು ಅವನಿಗೆ ಏನು ಆಸೆ ತೋರಿಸಿದ್ದಾರೋ... ಛೆ. ಅವನ ಅಪ್ಪನ ಕಾಲದಿಂದ ಇಲ್ಲಿದ್ದೇನೆ. ಹಾಗೆಲ್ಲ ಯೋಚಿಸಬಾರದು.

ಆದರೂ ಯೋಚನೆ ಬರುತ್ತದೆ.

ಮಾರ್ಚ್ 12, ಬುಧವಾರ

ಎಲ್ಲರೂ ಟೀ ಕುಡಿಯಲು ಹೋದಾಗ ಒಬ್ಬಳೇ ಬೋಟಿನ ಕೆಳಗೆ ಹೋದೆ. ಕೆರೆಯುವ ಉಳಿ ಮುಟ್ಟಲಿಲ್ಲ. ಒಂದು ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿದೆ. ಜಾರಿ ಬಿತ್ತು. ಇನ್ನೊಂದು. ಅದೂ ಜಾರಿತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪ್ರೊಪೆಲರಿನ ಒಂದು ಎಲೆಯ ಮೇಲಿನ ಗಡ್ಡವೆಲ್ಲ ಒಟ್ಟಿಗೆ ಕಿತ್ತು ಬಂತು. ಅಡಿಯಲ್ಲಿ ನನ್ನ ಹಳದಿ, ಹಚ್ಚಿದ ದಿನದ ಹಾಗೇ. ಒಂದು ಗೀರಿಲ್ಲ.

ಲೇಪಕ್ಕೆ ಏನೂ ಆಗಿಲ್ಲ!

ಸಂತೋಷ ಒಂದು ನಿಮಿಷ ಇತ್ತು. ಆಮೇಲೆ ಅಲ್ಲೇ ಬಕೆಟ್ ಮಗುಚಿ ಕೂತುಬಿಟ್ಟೆ. ನನ್ನ ಲೇಪ ವಿಷವಲ್ಲ, ಯಾವುದನ್ನೂ ಕೊಲ್ಲುವುದಿಲ್ಲ. ಕಚ್ಚಿಕೊಳ್ಳಲು ಹಿಡಿತ ಕೊಡುವುದಿಲ್ಲ, ಅಷ್ಟೆ. ಬಂದದ್ದು ಕೂರುತ್ತದೆ, ಪ್ರೊಪೆಲರ್ ತಿರುಗಿದಾಗ ಉದುರುತ್ತದೆ. ತಿರುಗದಿದ್ದರೆ ಕೂತದ್ದು ಸಂಸಾರ ಹೂಡುತ್ತದೆ. ಇಷ್ಟು ದೊಡ್ಡ ಚಿಪ್ಪು ಒಂದು ವಾರದ ಬೆಳೆಯಲ್ಲ. ಎಷ್ಟೋ ತಿಂಗಳಿನದು.

ಲೇಡಿ ಜೂನ್ ಎಲ್ಲಿಗೂ ಹೋಗಿಲ್ಲ.

ಹಾಗಾದರೆ ಗುರುವಾರ ಕೆಲ್ ಎಲ್ಲಿಗೆ ಹೋಗುತ್ತಾನೆ?

ಮಾರ್ಚ್ 13, ಗುರುವಾರ

ಬೋಟು ಯಾರ್ಡಿನಲ್ಲಿದೆ, ಅವನಿಗೆ ಹೋಗಲು ಜಾಗವಿಲ್ಲ. ಹಿತ್ತಲಲ್ಲಿ ಓಡಾಡಿದ. ಹುಲ್ಲು ಕತ್ತರಿಸಿದ ಜಾಗವನ್ನೇ ಮತ್ತೆ ಕತ್ತರಿಸಿದ.

ಫ್ರೀಜರ್ ತೆಗೆದು ನೋಡಿದೆ. ಸ್ನ್ಯಾಪರ್ ಮೀನಿನ ತುಂಡುಗಳು, ಚರ್ಮ ಸುಲಿದು ನುಣ್ಣಗೆ. ಕೆಲ್ ಜನ್ಮದಲ್ಲಿ ಮೀನಿನ ಚರ್ಮ ಸುಲಿದವನಲ್ಲ, ಬಾಣಲೆಯಲ್ಲಿ ಗರಿಗರಿ ಆಗುವುದೇ ಅದು ಎನ್ನುತ್ತಾನೆ. ಇಷ್ಟು ತಿಂಗಳು ನಾನೇ ಹುರಿದು ಬಡಿಸಿದ್ದೇನೆ, ಕಣ್ಣಿಗೆ ಬೀಳಲಿಲ್ಲವಲ್ಲ. ಮೀನಂಗಡಿಯಲ್ಲಿ ಹಾಗೆ ಸುಲಿಯುವವಳು ಜಾನಿಸ್. ಗಂಡ ಸತ್ತು ಎರಡು ವರ್ಷ. ಕೆಲ್ ಹೇಳುವ ಹಳಸಲು ಜೋಕಿಗೆಲ್ಲ ನಗುತ್ತಾಳೆ.

ಎಪ್ಪತ್ತೊಂದನೇ ವಯಸ್ಸಿನಲ್ಲಿ ಇಂಥ ಯೋಚನೆ. ನಗು ಬರಬೇಕಿತ್ತು, ಬರಲಿಲ್ಲ.

ಮಾರ್ಚ್ 16, ಭಾನುವಾರ

ಬಂಡೆಸಾಲಿನಲ್ಲಿ ಈಗ ಏನು ಸಿಗುತ್ತಿದೆ ಎಂದು ಸುಮ್ಮನೆ ಕೇಳಿದಂತೆ ಕೇಳಿದೆ. ಎಷ್ಟು ಚೆನ್ನಾಗಿ ಹೇಳಿದ! ಯಾವ ಗಾಳಿ, ಎಷ್ಟು ಆಳ, ಯಾವ ಗಾಳ. ಕೇಳುತ್ತಾ ನನಗೇ ನಂಬಿಕೆ ಬರುವಂತಿತ್ತು. ಇಷ್ಟು ಚೆನ್ನಾಗಿ ಸುಳ್ಳು ಹೇಳಲು ಯಾವಾಗ ಕಲಿತ?

ಕಳೆದ ಜೂನ್‌ನಲ್ಲಿ ಅವನ ಗೆಳೆಯ ಲೂನ ಬೋಟು ಅಳಿವೆಯಲ್ಲಿ ಮಗುಚಿದಾಗ ಅದರ ಬೆನ್ನಿಗೇ ಬರುತ್ತಿದ್ದ ಬೋಟಿನಲ್ಲಿದ್ದವನು ಕೆಲ್. ಲೂ ಬದುಕಲಿಲ್ಲ. ಮುಂದಿನ ಗುರುವಾರವೇ ಕೆಲ್ ಮತ್ತೆ ಹೊರಟ. ಮೀನು ಹಿಡಿಯುವವರ ಕ್ಲಬ್ಬಿನಲ್ಲಿ ಈಗಲೂ ಹೇಳುತ್ತಾರೆ, ಎದೆ ಅಂದರೆ ಕೆಲ್‌ದು ಎಂದು. ನಾನೂ ಹಾಗೇ ತಿಳಿದಿದ್ದೆ. ಗೆಳೆಯ ಸತ್ತ ವಾರವೇ ಇನ್ನೊಂದು ಮನೆ ಹುಡುಕಿಕೊಂಡನೆ?

ಮಾರ್ಚ್ 20, ಗುರುವಾರ. ಸಂಜೆ

ಬೋಟು ಮೊನ್ನೆ ನೀರಿಗಿಳಿಯಿತು. ಇವತ್ತು ಅವನ ಹಿಂದೆ ಹೋದೆ. ಕಾರನ್ನು ಅಳಿವೆಯ ಅಲೆ ತಡೆಯುವ ಕಲ್ಲುಗೋಡೆಯ ಹತ್ತಿರ ನಿಲ್ಲಿಸಿ ದುರ್ಬೀನು ಹಿಡಿದು ಕೂತೆ. ಅಸಹ್ಯ ಎನ್ನಿಸಿತು. ಆದರೂ ಕೂತೆ.

ಜಾನಿಸ್ ಮನೆ ಕಡೆ ಹೋಗಲಿಲ್ಲ. ಸಣ್ಣ ದೋಣಿ ಹುಟ್ಟು ಹಾಕಿಕೊಂಡು ನೇರ ಲೇಡಿ ಜೂನ್‌ಗೆ ಹೋದ. ಹತ್ತಿದ. ಲೈಫ್ ಜಾಕೆಟ್ ಹಾಕಿಕೊಂಡ, ಪಟ್ಟಿಗಳನ್ನೆಲ್ಲ ಬಿಗಿದುಕೊಂಡ. ಇಂಜಿನ್ ಹೊಗೆ ಕಾಣಿಸಿತು. ಬೋಟಿನ ಮೂತಿಯ ಕಡೆ ಹೋಗಿ, ನೀರಲ್ಲಿ ತೇಲುವ ಲಂಗರುಗುಂಡು ಬೋಯಿಗೆ ಕಟ್ಟಿದ ಹಗ್ಗದ ಮೇಲೆ ಕೈ ಇಟ್ಟ.

ಇಟ್ಟ ಕೈ ಅಲ್ಲೇ ಇತ್ತು. ಅಳಿವೆ ಕಡೆ ನೋಡುತ್ತಿದ್ದ. ಅಲೆ ಏನೂ ಇರಲಿಲ್ಲ, ಹೊಳೆಯ ಹಾಗೆ ಸಪಾಟು. ಆಮೇಲೆ ಹಿಂದೆ ಬಂದ, ಹೊಗೆ ನಿಂತಿತು. ಕೂತ. ಎಷ್ಟೋ ಹೊತ್ತಿನ ಮೇಲೆ ಮತ್ತೆ ಇಂಜಿನ್, ಮತ್ತೆ ಹಗ್ಗ. ಮತ್ತೆ ಕೂತ.

ದಿನವಿಡೀ ಹಾಗೆ. ಕಟ್ಟಿಹಾಕಿದ ಬೋಟಿನಲ್ಲಿ ಲೈಫ್ ಜಾಕೆಟ್ ಬಿಚ್ಚದೆ ಕೂತಿದ್ದ. ಸ್ಯಾಂಡ್‌ವಿಚ್ ತಿಂದದ್ದೂ ಹಾಗೇ, ಬೆಳಗ್ಗೆ ನಾನು ಕಟ್ಟಿಕೊಟ್ಟದ್ದು. ಸಂಜೆ ಮೀನಂಗಡಿಯ ಹಿಂಬಾಗಿಲಿಗೆ ಹೋದ. ನಾನು ಅವನಿಗಿಂತ ಮೊದಲೇ ಮನೆ ಸೇರಿದೆ.

ಮೀನು ಹುರಿದೆ. ಚೆನ್ನಾಗಿದೆ ಎಂದೆ.

ಮಾರ್ಚ್ 24, ಸೋಮವಾರ

ಟ್ರಾಯ್ ಶೆಡ್ಡಿಗೆ ಬಂದ. ಕಾಫ್ಸ್‌ನವನಿಗೆ ಶುಕ್ರವಾರ ಉತ್ತರ ಹೇಳಬೇಕಂತೆ. "ಕಾರಣ ಏನಾದ್ರೂ ಇದ್ರೆ ಈಗ್ಲೇ ಹೇಳಿಬಿಡಿ ಗ್ಲೆನಿಸ್. ನಾನೇನ್ ನಿಮ್ಮನ್ನ ಕಳಿಸಬೇಕು ಅಂತ ಕಾಯ್ತಿಲ್ಲ."

ಕಾರಣ ನಾಲಿಗೆ ತುದಿಯಲ್ಲಿದೆ. ಬೋಟು ಕಳೆದ ಜೂನ್ ತಿಂಗಳಿನಿಂದ ಕದಲಿಲ್ಲ — ಅಷ್ಟು ಹೇಳಿದರೆ ನನ್ನ ಕೆಲಸ ಉಳಿಯುತ್ತದೆ. ಸಂಜೆಯೊಳಗೆ ಇಡೀ ಕ್ಲಬ್ಬಿಗೆ ಗೊತ್ತಾಗುತ್ತದೆ, ಕೆಲ್‌ನ ಎದೆ ಎಂಥದೆಂದು. ಹೇಳದಿದ್ದರೆ ಲೇಪ ಕೆಡಿಸಿದ ಮುದುಕಿ ಎಂದು ಶೆಡ್ ಬಿಟ್ಟು ಹೋಗಬೇಕು.

ನೋಡಿ ಹೇಳುತ್ತೇನೆ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಏನೋ ಮುಚ್ಚಿಡುತ್ತಿದ್ದಾಳೆ ಎಂದು ಅವನಿಗೂ ಅನುಮಾನ ಬಂದಿರಬೇಕು.

ಮಾರ್ಚ್ 26, ಬುಧವಾರ

ಊಟದ ಮಧ್ಯೆ ಹೇಳಿದೆ, "ನಾಳೆ ನಾನೂ ಬರ್ತೀನಿ ಬೋಟಿಗೆ."

"ನೀನಾ? ಸ್ನಾನದ ತೊಟ್ಟೀಲಿ ಕೂತ್ರೂ ವಾಂತಿ ಮಾಡ್ಕೊಳ್ಳೋಳು."

"ಬಕೆಟ್ ತರ್ತೀನಿ."

ಫೋರ್ಕ್ ಕೆಳಗಿಟ್ಟ. ತಟ್ಟೆ ನೋಡುತ್ತಲೇ ಕೇಳಿದ, "ಪ್ರೊಪೆಲರ್ ಮೇಲೆ ಏನಿತ್ತು?"

"ಚಿಪ್ಪು."

"ತುಂಬಾನಾ?"

"ತುಂಬಾ."

"ಟ್ರಾಯ್‌ಗೆ ಏನಂದೆ?"

"ಇನ್ನೂ ಏನೂ ಅಂದಿಲ್ಲ."

ಎದ್ದು ಹೋಗಿ ತಟ್ಟೆ ತೊಳೆದ. ತೊಳೆದ ತಟ್ಟೆಯನ್ನೇ ಬಹಳ ಹೊತ್ತು ಒರೆಸಿದ. ಲೂ ಹೆಸರು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ, ಶೆಡ್

ನಿನ್ನೆ ಅವನು ಎಲ್ಲಿಗೂ ಹೋಗಲಿಲ್ಲ. ಇವತ್ತು ನಾನು ಏಳುವ ಮೊದಲೇ ಮನೆಯಲ್ಲಿರಲಿಲ್ಲ.

ನಾನು ಒಂದು ನಿರ್ಧಾರ ಮಾಡಿಕೊಂಡೇ ಯಾರ್ಡಿಗೆ ಹೋದೆ. ಪ್ರೈಮರ್ ಹದ ತಪ್ಪಿತ್ತು, ತಪ್ಪು ನನ್ನದು, ಎಂದು ಹೇಳಿಬಿಡುವುದು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಟೀ ಮೇಜಿನ ಹತ್ತಿರ ಎಲ್ಲರೂ ಇದ್ದರು. ನಡುವೆ ಕೆಲ್, ಟೋಪಿ ಕೈಯಲ್ಲಿ.

"ಲೂ ಹೋದಾಗಿಂದ ನಾನು ಅಳಿವೆ ದಾಟಿಲ್ಲ. ಬೋಟು ಕಟ್ಟಿದಲ್ಲೇ ಇತ್ತು. ಇವಳ ಲೇಪದಲ್ಲಿ ಏನೂ ಐಬಿಲ್ಲ," ಎಂದ.

ಸೀಗಡಿ ಬೋಟಿನವನೊಬ್ಬ ನಕ್ಕ. "ಹಂಗಾದ್ರೆ ಆ ಸ್ನ್ಯಾಪರ್‌ಗಳು ತಾವೇ ಈಜ್ಕೊಂಡು ಬಂದ್ವಾ?"

"ಜಾನಿಸ್ ಹತ್ರ ಕೊಂಡೆ," ಎಂದ ಕೆಲ್, ಸಮಯ ಕೇಳಿದವರಿಗೆ ಸಮಯ ಹೇಳುವ ಹಾಗೆ. ಆಮೇಲೆ ಯಾರೂ ನಗಲಿಲ್ಲ. ಟೋಪಿ ಹಾಕಿಕೊಂಡು ಹೊರಟ. ನನ್ನ ಪಕ್ಕದಲ್ಲೇ ಹಾದು ಹೋದ, ನೋಡಲಿಲ್ಲ.

ಟ್ರಾಯ್ ಆಗಲೇ ಕಾಫ್ಸ್‌ಗೆ ಫೋನ್ ಮಾಡಿದ. ಒಂದು ಬೋಟು ಕಳಿಸುತ್ತಾರಂತೆ, ನಾನೇ ಮಾಡಬೇಕಂತೆ. ಸರಿ ಎಂದೆ.

ಅದೇ ದಿನ. ಸಂಜೆ, ಕಾರಿನಲ್ಲಿ

ಕೆಲ್ ಮನೆಯಲ್ಲಿಲ್ಲ. ಕ್ಲಬ್ಬಿನಲ್ಲಿಲ್ಲ. ಜಾನಿಸ್‌ಳನ್ನೂ ಕೇಳಿದೆ. ಪಾಪ, ಅವಳೇ ಗಾಬರಿಯಾದಳು, ನನ್ನ ಕೈ ಹಿಡಿದುಕೊಂಡಳು.

ಕಲ್ಲುಗೋಡೆಗೆ ಬಂದೆ. ಬೋಯಿ ಇದೆ, ಸಣ್ಣ ದೋಣಿ ಅದಕ್ಕೆ ಕಟ್ಟಿದೆ. ಲೇಡಿ ಜೂನ್ ಇಲ್ಲ.

ಇಳಿತದ ಹೊತ್ತು. ಅಳಿವೆಯಲ್ಲಿ ಅಲೆ ಒಂದರ ಮೇಲೊಂದು ಎದ್ದು ಮುರಿಯುತ್ತಿದೆ. ಎಲ್ಲರೆದುರು ಹೇಳಿ ಬಂದವನು, ಈಗ ಏನನ್ನು ಮಾಡಿ ತೋರಿಸಲು ಹೊರಟ? ನನ್ನ ಹೆಸರು ಉಳಿಸಿಕೊಟ್ಟು... ಬೇಡವಾಗಿತ್ತು. ಶೆಡ್ ಹೋದರೆ ಹೋಗಲಿ ಎಂದು ನಾನೇ ಮೊದಲು ಹೇಳಿಬಿಡಬೇಕಿತ್ತು.

ದುರ್ಬೀನಿನಲ್ಲಿ ನೊರೆ ಬಿಟ್ಟು ಏನೂ ಕಾಣುವುದಿಲ್ಲ. ರಕ್ಷಣಾ ದಳಕ್ಕೆ ಫೋನ್ ಮಾಡಿದೆ. ಬರುತ್ತಾರಂತೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಒಂದು ಇಂಜಿನ್ ಸದ್ದು. ಸಮುದ್ರದ ಕಡೆಯಿಂದಲ್ಲ, ಬೆನ್ನ ಹಿಂದೆ — ಹೊಳೆಯ ಮೇಲ್ದಿಕ್ಕಿನ ತಿರುವಿನಿಂದ, ಒಳನಾಡಿನ ಮೆಕ್ಲೀನ್ ಊರಿನ ಕಡೆಯಿಂದ. ನಿಧಾನವಾಗಿ ಬರುತ್ತಿದೆ. ಕಿತ್ತಳೆ ಬಣ್ಣದ್ದೇನೋ, ಲೈಫ್ ಜಾಕೆಟ್ಟೇ ಇರಬೇಕು, ಕೈ ಎತ್ತಿ ಬೀಸುತ್ತಿದ್ದಾನೆ ಕೆಲ್. ಅಳಿವೆಯತ್ತ ಹೋಗಿರಲೇ ಇಲ್ಲ.